ಆಮೆಯ ಚಿಪ್ಪಿಗೆ ಎಣ್ಣೆ ಹಚ್ಚಬೇಕಾ?

ಪ್ರಶ್ನೆ: ಡಾಕ್ಟ್ರೇ, ನಮ್ಮ ಮನೆಯಲ್ಲಿ ಎರಡು ವರ್ಷದ ಸಲ್ಕಾಟಾ ಆಮೆ ಇದೆ. ಅಂಗೈಗಿಂತ ಸ್ವಲ್ಪ ದೊಡ್ಡದು. ಚುರುಕಾಗಿದೆ, ಚೆನ್ನಾಗಿ ತಿನ್ನುತ್ತದೆ. ಆದರೆ ಕೆಲವು ತಿಂಗಳಿಂದ ಅದರ ಚಿಪ್ಪು ತೀರಾ ಒಣಗಿದ ಹಾಗೆ, ಬೂದಿ ಬಳಿದ ಹಾಗೆ ಕಾಣುತ್ತಿದೆ. ಬಿಲ್ಲೆಗಳ ನಡುವೆ ಬಿಳಿ ಗೆರೆಗಳಿವೆ. ಬೆನ್ನಿನ ಮೇಲಿನ ಬಿಲ್ಲೆಗಳು ಒಂದೊಂದೂ ಸ್ವಲ್ಪ ಉಬ್ಬಿ ಎದ್ದಿವೆ. ವಾರಕ್ಕೊಮ್ಮೆ ಕೊಬ್ಬರಿ ಎಣ್ಣೆ ಹಚ್ಚಿದರೆ ಸರಿಹೋಗುತ್ತದೆ ಎಂದು ಒಂದು ವಿಡಿಯೋದಲ್ಲಿ ನೋಡಿದೆ. ಸಾಕುಪ್ರಾಣಿಗಳ ಅಂಗಡಿಯವರು ಚಿಪ್ಪಿಗೆಂದೇ ಮಾರುವ ಕಂಡೀಷನರ್ ಕೊಟ್ಟರು. ಆಮೆ ಸಾಕಿರುವ ಸ್ನೇಹಿತರೊಬ್ಬರು ‘ಎಣ್ಣೆ ಹಚ್ಚಿದರೆ ಚಿಪ್ಪಿಗೆ ಉಸಿರಾಡೋಕೆ ಆಗಲ್ಲ, ಆಮೆ ಸತ್ತೇಹೋಗುತ್ತೆ’ ಎಂದು ಹೆದರಿಸಿದರು. ಅಷ್ಟರಲ್ಲಿ ನನ್ನ ಮಗಳು ಎರಡು ಮೂರು ಸಲ ಬೇಬಿ ಆಯಿಲ್ ಹಚ್ಚಿಬಿಟ್ಟಿದ್ದಾಳೆ. ಹಚ್ಚಿದ ದಿನ ಫಳಫಳ ಹೊಳೆಯಿತು, ಆಮೇಲೆ ಮತ್ತೆ ಮೊದಲಿನ ಹಾಗೇ. ಆಮೆಯನ್ನು ಗಾಜಿನ ತೊಟ್ಟಿಯಲ್ಲಿ ಇಟ್ಟಿದ್ದೇವೆ. ಮೇಲೆ ಜಾಲರಿ ಮುಚ್ಚಳ, ಅದರ ಮೇಲೊಂದು ಬಿಸಿ ಬಲ್ಬು, ಕೆಳಗೆ ಪೇಪರ್ ಹಾಸು. ಮರುಭೂಮಿಯ ಪ್ರಾಣಿಗೆ ನೀರು ಜಾಸ್ತಿ ಆಗಬಾರದು ಎಂದು ಓದಿದ್ದರಿಂದ ತಿಂಗಳಿಗೊಮ್ಮೆ ಮಾತ್ರ ಸ್ನಾನ ಮಾಡಿಸುತ್ತೇವೆ. ಎಣ್ಣೆ ಹಚ್ಚಬೇಕಾ, ಬೇಡವಾ? ಮಗಳು ಹಚ್ಚಿದ್ದರಿಂದ ತೊಂದರೆ ಆಗಿದೆಯಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ, ಯಾಕೆಂದರೆ ನಿಮ್ಮ ಪತ್ರದಲ್ಲಿ ಆ ಭಯವೇ ಜಾಸ್ತಿ ಕಾಣುತ್ತಿದೆ. ಎರಡು ಮೂರು ಸಲ ಬೇಬಿ ಆಯಿಲ್ ಹಚ್ಚಿದ್ದರಿಂದ ನಿಮ್ಮ ಆಮೆ ಸಾಯುವುದಿಲ್ಲ. ಮಗಳನ್ನು ಬೈಯಬೇಡಿ. ಇನ್ನು ಮುಂದೆ ಹಚ್ಚುವುದು ಬೇಡ, ಅಷ್ಟೇ. ಕೊಬ್ಬರಿ ಎಣ್ಣೆಯೂ ಬೇಡ, ಅಂಗಡಿಯ ಕಂಡೀಷನರ್ ಕೂಡ ಬೇಡ.

ಆದರೆ ಎಣ್ಣೆ ಬೇಡ ಎಂದು ಹೇಳಿ ನಾನು ಸುಮ್ಮನಾದರೆ ನಿಮ್ಮ ಆಮೆಗೆ ಏನೂ ಉಪಯೋಗವಿಲ್ಲ. ನೀವು ಬರೆದ ಮೂರು ಲಕ್ಷಣಗಳಲ್ಲಿ ಎರಡು ಅಷ್ಟೇನೂ ಚಿಂತೆ ಮಾಡುವಂಥದ್ದಲ್ಲ. ಮೂರನೆಯದು, ಅಂದರೆ ಬಿಲ್ಲೆಗಳು ಉಬ್ಬಿ ಏಳುತ್ತಿರುವುದು, ನಿಜವಾದ ಸಮಸ್ಯೆ. ಅದಕ್ಕೆ ಕಾರಣ ನೀವು ಪತ್ರದ ಕೊನೆಯಲ್ಲಿ ಬರೆದ ಗಾಜಿನ ತೊಟ್ಟಿ, ಜಾಲರಿ ಮುಚ್ಚಳ, ಪೇಪರ್ ಹಾಸು ಮತ್ತು ತಿಂಗಳಿಗೊಂದು ಸ್ನಾನದಲ್ಲಿದೆ ಎಂದು ನನಗೆ ಅನ್ನಿಸುತ್ತದೆ.

ಚಿಪ್ಪು ಅಂದರೆ ಏನು ಎಂಬಲ್ಲಿಂದ ಶುರು ಮಾಡೋಣ. ಅದು ಗೊತ್ತಾದರೆ ಎಣ್ಣೆಯ ವಿಷಯ ತಾನಾಗಿ ಅರ್ಥವಾಗುತ್ತದೆ. ಚಿಪ್ಪು ಆಮೆಯ ಮೈಮೇಲೆ ಕೂತಿರುವ ಹೊದಿಕೆ ಎಂದು ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ಅದು ಆಮೆಯ ಅಸ್ಥಿಪಂಜರದ್ದೇ ಭಾಗ. ಬೆನ್ನುಮೂಳೆ ಮತ್ತು ಪಕ್ಕೆಲುಬುಗಳು ಅಗಲವಾಗಿ ಬೆಳೆದು ಒಂದಕ್ಕೊಂದು ಬೆಸೆದುಕೊಂಡು ಮೇಲ್ಚಿಪ್ಪು ಆಗಿದೆ. ಆ ಮೂಳೆಯ ಮೇಲೆ ತೆಳುವಾದ ಜೀವಂತ ಚರ್ಮದ ಪದರ ಇದೆ. ಅದರಲ್ಲಿ ರಕ್ತನಾಳಗಳಿವೆ, ನರಗಳೂ ಇವೆ. ಚಿಪ್ಪಿನ ಮೇಲೆ ಬೆರಳಾಡಿಸಿದರೆ ಆಮೆಗೆ ಗೊತ್ತಾಗುತ್ತದೆ. ಪೆಟ್ಟು ಬಿದ್ದರೆ ನೋವಾಗುತ್ತದೆ, ಒಡೆದರೆ ರಕ್ತ ಬರುತ್ತದೆ. ಈ ಜೀವಂತ ಪದರದ ಮೇಲೆ, ಎಲ್ಲಕ್ಕಿಂತ ಹೊರಗೆ, ನಾವು ಕಣ್ಣಲ್ಲಿ ನೋಡುವ ಬಿಲ್ಲೆಗಳು ಇರುತ್ತವೆ. ಇವನ್ನು ಪಶುವೈದ್ಯರು ಸ್ಕ್ಯೂಟ್ ಎನ್ನುತ್ತೇವೆ. ಸಾಮಾನ್ಯವಾಗಿ ಬೆನ್ನಿನ ನಡುಸಾಲಿನಲ್ಲಿ 5, ಅದರ ಎರಡೂ ಬದಿಗೆ ನಾಲ್ಕು ನಾಲ್ಕು, ಆಮೇಲೆ ಅಂಚಿನುದ್ದಕ್ಕೂ ಸಣ್ಣ ಸಣ್ಣವು.

ಬಿಲ್ಲೆಗಳು ಕೆರಟಿನ್‌ನಿಂದ ಆದವು. ನಮ್ಮ ಉಗುರು, ದನದ ಗೊರಸು ಆಗಿರುವುದೂ ಇದೇ ಬಗೆಯ ವಸ್ತುವಿನಿಂದ. ಬಿಲ್ಲೆಯ ಮೇಲ್ಭಾಗದಲ್ಲಿ ಜೀವಂತ ಕೋಶ ಇಲ್ಲ, ಬೆವರಿನ ಗ್ರಂಥಿ ಇಲ್ಲ, ಎಣ್ಣೆ ಸುರಿಸುವ ಗ್ರಂಥಿಯೂ ಇಲ್ಲ. ನಮ್ಮ ಚರ್ಮದಲ್ಲಿ ಎಣ್ಣೆಯ ಅಂಶ ಇರುತ್ತದೆ, ಅದು ಕಡಿಮೆಯಾದಾಗ ಒರಟಾಗುತ್ತದೆ, ಕ್ರೀಮ್ ಹಚ್ಚಿದರೆ ಹಿತವೆನಿಸುತ್ತದೆ. ಆ ಅನುಭವವನ್ನೇ ನಾವು ಆಮೆಯ ಚಿಪ್ಪಿಗೂ ಅನ್ವಯಿಸುತ್ತೇವೆ. ಆದರೆ ಚಿಪ್ಪಿನಲ್ಲಿ ಮೊದಲಿಂದಲೂ ಎಣ್ಣೆ ಇರಲಿಲ್ಲ, ಹಾಗಾಗಿ ಅದು ‘ಕಡಿಮೆ’ ಆಗಿರುವುದೂ ಸಾಧ್ಯವಿಲ್ಲ. ಕಾಡಿನಲ್ಲಿ, ಬಯಲಿನಲ್ಲಿ ಆರೋಗ್ಯವಾಗಿ ಓಡಾಡುವ ನೆಲದ ಆಮೆಯ ಚಿಪ್ಪು ಹೊಳೆಯುವುದಿಲ್ಲ. ಮಂಕಾಗಿ, ಮಣ್ಣು ಮೆತ್ತಿಕೊಂಡು, ಅಲ್ಲಲ್ಲಿ ತರಚಿಕೊಂಡು ಇರುತ್ತದೆ. ಅದೇ ಅದರ ಸಹಜ ರೂಪ. ಎಣ್ಣೆ ಹಚ್ಚಿದಾಗ ಕಾಣುವುದು ಮೇಲ್ಮೈಯ ಮೇಲೆ ಬೆಳಕು ಬಿದ್ದು ಬರುವ ಹೊಳಪು. ನಿಮ್ಮ ಮಗಳು ಹಚ್ಚಿದ್ದು ಬೇಗ ಮಂಕಾದದ್ದೂ ಅದಕ್ಕೇ. ಅದು ಒಳಗೆ ಇಳಿದಿರಲಿಲ್ಲ, ಧೂಳು ಕೂತು ಪೇಪರಿಗೆ ಉಜ್ಜಿ ಹೋಯಿತು.

ಇನ್ನು ನಿಮ್ಮ ಸ್ನೇಹಿತರ ಮಾತು. ಎಣ್ಣೆ ಬೇಡ ಎಂಬ ಅವರ ತೀರ್ಮಾನ ಸರಿ, ಕೊಟ್ಟ ಕಾರಣ ಮಾತ್ರ ತಪ್ಪು. ಚಿಪ್ಪು ಉಸಿರಾಡುವುದಿಲ್ಲ. ಆಮೆ ನಮ್ಮ ಹಾಗೇ ಮೂಗಿನಿಂದ ಗಾಳಿ ಎಳೆದುಕೊಂಡು ಶ್ವಾಸಕೋಶದಿಂದ ಉಸಿರಾಡುತ್ತದೆ. ಶ್ವಾಸಕೋಶ ಮೇಲ್ಚಿಪ್ಪಿನ ಕೆಳಗೇ ಇದೆ. ಪಕ್ಕೆಲುಬುಗಳು ಬೆಸೆದುಹೋಗಿರುವುದರಿಂದ ಎದೆ ಹಿಗ್ಗಲು ಆಗುವುದಿಲ್ಲ. ಅದಕ್ಕೇ ಒಳಗಿನ ಸ್ನಾಯುಗಳು ಮತ್ತು ಕಾಲುಗಳ ಚಲನೆ ಆ ಕೆಲಸ ಮಾಡುತ್ತವೆ. ‘ರಂಧ್ರ ಮುಚ್ಚಿಹೋಗುತ್ತೆ, ಉಸಿರುಗಟ್ಟುತ್ತೆ’ ಎಂಬ ಮಾತು ಎಷ್ಟು ಹರಡಿದೆಯೆಂದರೆ ಹಳೆಯ ಸಾಕಣೆದಾರರೂ ಇದನ್ನೇ ಹೇಳುತ್ತಾರೆ. ಈ ತಪ್ಪು ಕಾರಣದಿಂದ ಒಂದು ತೊಂದರೆ ಇದೆ. ಎಣ್ಣೆ ಹಚ್ಚಿದ ಮೇಲೂ ಆಮೆ ಆರಾಮಾಗಿ ಓಡಾಡುವುದನ್ನು ನೋಡಿದವರು ‘ಅವರು ಸುಮ್ನೆ ಹೆದರಿಸಿದ್ದು’ ಎಂದುಕೊಂಡು ಹಚ್ಚುವುದನ್ನು ಮುಂದುವರಿಸುತ್ತಾರೆ.

ಎಣ್ಣೆ ಬಿಸಿಲಿನಲ್ಲಿರುವ ಯುವಿಬಿ ಎಂಬ ನೇರಳಾತೀತ ಕಿರಣಗಳನ್ನು ತಡೆದು ವಿಟಮಿನ್ ಡಿ ಸಿಗದ ಹಾಗೆ ಮಾಡುತ್ತದೆ ಎನ್ನುವವರೂ ಇದ್ದಾರೆ. ವಿಟಮಿನ್ ಡಿ3 ತಯಾರಾಗುವುದು ಮುಖ್ಯವಾಗಿ ಚರ್ಮದಲ್ಲಿ, ಅಂದರೆ ಕತ್ತು, ತಲೆ, ಕಾಲುಗಳಲ್ಲಿ. ಮೇಲ್ಚಿಪ್ಪಿನ ಮೇಲಿನ ತೆಳು ಎಣ್ಣೆಯಿಂದ ದೊಡ್ಡ ನಷ್ಟವಾಗುತ್ತದೆ ಎಂದು ನಾನು ಹೇಳಲಾರೆ. ಆದರೆ ಎಣ್ಣೆ ಚಿಪ್ಪಿನ ಮೇಲೇ ನಿಲ್ಲುವುದಿಲ್ಲ. ಬಲ್ಬಿನ ಬಿಸಿಗೆ ತೆಳುವಾಗಿ ಹರಿದು ಕತ್ತಿನ ಮಡಿಕೆ, ಕಾಲಿನ ಸಂದಿಗೆ ಇಳಿಯುತ್ತದೆ.

ಹಾಗಾದರೆ ನಿಜವಾದ ಅಪಾಯ ಏನು? ಮೊದಲನೆಯದು ಕೊಳೆ. ಎಣ್ಣೆಯ ಮೇಲೆ ಧೂಳು, ಹಾಸಿನ ಪುಡಿ, ಮಲ ಎಲ್ಲ ಅಂಟುತ್ತದೆ. ಅದು ಬಿಲ್ಲೆಗಳ ನಡುವಿನ ಸಂದಿಯಲ್ಲಿ ಹೋಗಿ ಕೂರುತ್ತದೆ. ಆ ಸಂದಿಯೇ ಹೊಸ ಚಿಪ್ಪು ಬೆಳೆಯುವ ಜಾಗ, ಇಡೀ ಚಿಪ್ಪಿನಲ್ಲಿ ಅತ್ಯಂತ ಎಳೆಯ ಭಾಗ. ಅಲ್ಲಿ ಕೊಳೆಯೂ ಪಸೆಯೂ ಸೇರಿ ನಿಂತರೆ ಶಿಲೀಂಧ್ರ, ಬ್ಯಾಕ್ಟೀರಿಯಾಗಳಿಗೆ ಅನುಕೂಲ. ಎರಡನೆಯದು ಇನ್ನೂ ಮುಖ್ಯ ಎಂದು ನನ್ನ ಅನುಭವ. ಎಣ್ಣೆ ರೋಗವನ್ನು ಮುಚ್ಚಿಡುತ್ತದೆ. ಚಿಪ್ಪು ಕೊಳೆಯುವ ರೋಗ ಶುರುವಾಗುವುದು ಸಣ್ಣ ಬಿಳಿ ಮಚ್ಚೆ, ಚಿಕ್ಕ ಗುಳಿ, ಸ್ವಲ್ಪ ಬಣ್ಣ ಬದಲಾವಣೆಯಿಂದ. ಒಣ ಚಿಪ್ಪಿನಲ್ಲಿ ಇವು ಬೇಗ ಕಣ್ಣಿಗೆ ಬೀಳುತ್ತವೆ. ಎಣ್ಣೆ ಹಚ್ಚಿದ ಚಿಪ್ಪಿನಲ್ಲಿ ಎಲ್ಲವೂ ಒಂದೇ ಥರ ಕಪ್ಪಗೆ, ಚೆಂದವಾಗಿ ಕಾಣುತ್ತದೆ. ಹೀಗೆ ಹೊಳೆಯುವ ಚಿಪ್ಪಿನೊಂದಿಗೆ ನನ್ನ ಹತ್ತಿರ ಬಂದ ಆಮೆಗಳನ್ನು ತೊಳೆದು ನೋಡಿದಾಗ ಅಡಿಯಲ್ಲಿ ಮೆತ್ತಗಾದ ಬಿಲ್ಲೆ ಸಿಕ್ಕಿದ್ದುಂಟು. ಅವುಗಳನ್ನು ಸಾಕಿದವರು ಬೇಕೆಂದು ಅಲಕ್ಷ್ಯ ಮಾಡಿದವರಲ್ಲ, ತುಂಬಾ ಪ್ರೀತಿಯಿಂದ ವಾರವಾರ ಎಣ್ಣೆ ಹಚ್ಚುತ್ತಿದ್ದವರು.

ಮೂರನೆಯದು, ಎಣ್ಣೆಯ ಜೊತೆ ಬೆರೆತಿರುವ ವಸ್ತುಗಳು. ಬೇಬಿ ಆಯಿಲ್ ಅಂದರೆ ಪೆಟ್ರೋಲಿಯಂನಿಂದ ಬರುವ ಖನಿಜ ತೈಲಕ್ಕೆ ಪರಿಮಳ ಸೇರಿಸಿದ್ದು. ಕೊಬ್ಬರಿ ಎಣ್ಣೆಯಲ್ಲಿ ಆ ಪರಿಮಳ ಇಲ್ಲದಿದ್ದರೂ ಅದಕ್ಕೆ ಇರುವೆ ಬರುತ್ತವೆ, ಹಳೆಯದಾದರೆ ಮುಗ್ಗುವಾಸನೆ ಹಿಡಿಯುತ್ತದೆ. ಟೀ ಟ್ರೀ ಎಣ್ಣೆ, ನೀಲಗಿರಿ ಎಣ್ಣೆ, ಕರ್ಪೂರ ಸೇರಿದ ಮುಲಾಮು ಇವನ್ನಂತೂ ಹತ್ತಿರವೂ ತರಬೇಡಿ. ಟೀ ಟ್ರೀ ಎಣ್ಣೆ ಪ್ರಾಣಿಗಳಿಗೆ ವಿಷವಾಗುತ್ತದೆ. ನೈಲ್ ಪಾಲಿಶ್, ಪೇಂಟ್, ವಾರ್ನಿಷ್ ಕೂಡ ಅಷ್ಟೇ ಅಪಾಯ. ನಿಮ್ಮ ಮಗಳಿಗೆ ಈ ಮಾತನ್ನು ಈಗಲೇ ಹೇಳಿಡಿ, ಮಕ್ಕಳು ಮುಂದಿನ ಹೆಜ್ಜೆಯಾಗಿ ಹೂವು ಚಿತ್ರ ಬಿಡಿಸಲು ಹೊರಡುತ್ತಾರೆ.

ಅಂಗಡಿಯ ಕಂಡೀಷನರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಾಟಲಿಯ ಹಿಂದಿನ ಪಟ್ಟಿ ಓದಿ. ಸಾಮಾನ್ಯವಾಗಿ ಯಾವುದೋ ಎಣ್ಣೆ, ಲ್ಯಾನೋಲಿನ್, ಲೋಳೆಸರ, ಪರಿಮಳ ಇಂಥವೇ ಇರುತ್ತವೆ. ‘ವಿಟಮಿನ್ ಸೇರಿಸಿದೆ’ ಎಂಬ ಮಾತನ್ನು ನಂಬಿ ಕೂರಬೇಡಿ. ವಿಟಮಿನ್ ಮತ್ತು ಸುಣ್ಣದ ಅಂಶ ಆಮೆಗೆ ಬರಬೇಕಾದ್ದು ಹೊಟ್ಟೆಯ ಮೂಲಕ ಮತ್ತು ಬೆಳಕಿನ ಮೂಲಕ.

ಈಗ ನೀವು ಹೇಳಿದ ಲಕ್ಷಣಗಳಿಗೆ ಬರೋಣ. ಬಿಲ್ಲೆಗಳ ನಡುವಿನ ಬಿಳಿ ಗೆರೆ ನೋಡಿ ನೀವು ಗಾಬರಿಯಾಗಿದ್ದೀರಿ. ಒಂದು ಸುಲಭ ಪರೀಕ್ಷೆ ಮಾಡಿ. ಹತ್ತಿಯನ್ನು ನೀರಿನಲ್ಲಿ ಅದ್ದಿ ಆ ಗೆರೆಯ ಮೇಲೆ ಒರೆಸಿ. ನಯವಾಗಿ, ಕೆನೆಬಣ್ಣದಲ್ಲಿ ಹಾಗೇ ಉಳಿದರೆ ಅದು ಹೊಸ ಬೆಳವಣಿಗೆ. ಪ್ರತಿ ಬಿಲ್ಲೆಯೂ ಅಂಚಿನಲ್ಲಿ ಬೆಳೆಯುತ್ತದೆ, ಹೊಸದಾಗಿ ಬಂದ ಪಟ್ಟಿ ತಿಳಿಬಣ್ಣದ್ದಾಗಿರುತ್ತದೆ. ಎರಡು ವರ್ಷದ ಆಮೆಗೆ ಅದು ಕಾಣದಿದ್ದರೇ ನಾನು ಯೋಚಿಸುತ್ತಿದ್ದೆ. ಒದ್ದೆ ಮಾಡಿದಾಗ ಮಾಯವಾಗಿ, ಒಣಗಿದ ಮೇಲೆ ಮತ್ತೆ ಬಿಳಿ ಪುಡಿಯ ಹಾಗೆ ಬಂದರೆ ಅದು ಗಡಸು ನೀರಿನ ಲವಣ, ಇಲ್ಲವೇ ಒಣ ಕೆರಟಿನ್‌ನ ಸಣ್ಣ ಹೊಟ್ಟು. ಎರಡೂ ನಿರುಪದ್ರವಿ. ಆದರೆ ಬಿಳಿ ಭಾಗ ಸುಲಿದು ಬರುತ್ತಿದ್ದರೆ, ಉಗುರಿನಿಂದ ಒತ್ತಿದಾಗ ಮೆತ್ತಗಿದ್ದರೆ, ಕೆಟ್ಟ ವಾಸನೆ ಬಂದರೆ ಅದು ಬೇರೆ ಕಥೆ. ಆಗ ಪಶುವೈದ್ಯರಿಗೆ ತೋರಿಸಲೇಬೇಕು. ಸುಲಿಯುತ್ತಿರುವ ಬಿಲ್ಲೆಯನ್ನು ನೀವು ಕೀಳಲು ಹೋಗಬೇಡಿ. ನೀರಿನ ಆಮೆಗಳು ಬಿಲ್ಲೆಯ ಮೇಲ್ಪದರ ಕಳಚುತ್ತವೆ, ಅದು ಅವಕ್ಕೆ ಸಹಜ. ನೆಲದ ಆಮೆಗಳಲ್ಲಿ ಪದರಗಳು ಒಂದರ ಕೆಳಗೊಂದು ಸೇರುತ್ತಾ ಹೋಗುತ್ತವೆ, ಹಾಗೆ ಕಳಚಿ ಬೀಳುವುದಿಲ್ಲ.

ಬೂದಿ ಬಣ್ಣದ ಬಗ್ಗೆ ಆಗಲೇ ಹೇಳಿದೆ. ಮಂಕಾಗಿರುವುದು ರೋಗವಲ್ಲ.

ಉಬ್ಬುವುದಕ್ಕೆ ಪಿರಮಿಡಿಂಗ್ ಎಂದು ಹೆಸರು. ಪ್ರತಿ ಬಿಲ್ಲೆ ಅಗಲಕ್ಕೆ ಸಮನಾಗಿ ಹರಡಿಕೊಳ್ಳುವ ಬದಲು ಮೆಟ್ಟಿಲು ಮೆಟ್ಟಿಲಾಗಿ ಮೇಲಕ್ಕೆ ಏಳುತ್ತದೆ. ಪ್ರೋಟೀನ್ ಜಾಸ್ತಿ ತಿನ್ನಿಸಿದ್ದರಿಂದ ಹೀಗಾಗುತ್ತದೆ ಎಂದು ಬಹಳ ಕಾಲ ಎಲ್ಲರೂ ಹೇಳುತ್ತಿದ್ದರು. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನು ಪರೀಕ್ಷಿಸಿ ನೋಡಿತು. ಅದೂ ನಿಮ್ಮ ಆಮೆಯ ಜಾತಿಯಲ್ಲೇ, ಆಗಷ್ಟೇ ಮೊಟ್ಟೆಯಿಂದ ಹೊರಬಂದ 50 ಸಲ್ಕಾಟಾ ಮರಿಗಳಲ್ಲಿ. ಗುಂಪು ಗುಂಪಾಗಿ ಬೇರೆ ಬೇರೆ ತೇವಾಂಶದಲ್ಲಿ, 14ರಿಂದ 30 ಶೇಕಡಾ ಪ್ರೋಟೀನ್ ಇರುವ ಆಹಾರ ಕೊಟ್ಟು 5 ತಿಂಗಳು ಬೆಳೆಸಿದರು. ಒಣ ಗಾಳಿಯಲ್ಲಿ ಬೆಳೆದ ಮರಿಗಳ ಚಿಪ್ಪು ಎತ್ತರಕ್ಕೆ ಉಬ್ಬಿತು, ತೇವದ ಗಾಳಿಯಲ್ಲಿ ಬೆಳೆದವುಗಳದ್ದು ನಯವಾಗಿ ಬಂತು. ಪ್ರೋಟೀನ್‌ನ ಪ್ರಭಾವ ಸಣ್ಣದು. ಗಾಳಿಯ ತೇವಾಂಶ ಎಷ್ಟು ಮುಖ್ಯ ಎಂದು ಇದರಿಂದ ಸ್ಪಷ್ಟವಾಯಿತು.

ಒಣ ಗಾಳಿಯಲ್ಲಿ ಹೀಗೇಕೆ ಆಗುತ್ತದೆ? ಸಂದಿಯಲ್ಲಿ ಹೊಸದಾಗಿ ಬರುವ ಕೆರಟಿನ್ ಮೊದಲು ಮೃದುವಾಗಿರುತ್ತದೆ. ಗಾಳಿ ಒಣಗಿದ್ದು, ಮೇಲಿಂದ ಬಲ್ಬು ಕಾಯಿಸುತ್ತಿದ್ದರೆ ಅದು ಹರಡಿಕೊಳ್ಳುವ ಮೊದಲೇ ಗಟ್ಟಿಯಾಗುತ್ತದೆ. ಮುಂದಿನ ಬೆಳವಣಿಗೆ ಅದನ್ನು ಪಕ್ಕಕ್ಕೆ ತಳ್ಳಲು ಆಗದೆ ಕೆಳಮುಖವಾಗುತ್ತದೆ, ಹಳೆಯ ಬಿಲ್ಲೆಯ ನಡುಭಾಗ ಎತ್ತರದಲ್ಲಿ ಉಳಿಯುತ್ತದೆ. ಅಡಿಯ ಮೂಳೆ ಎಳೆಯದು, ಅದೂ ಇದೇ ಆಕಾರಕ್ಕೆ ಹೊಂದಿಕೊಳ್ಳುತ್ತದೆ. ಇದು ಹೆಚ್ಚಿನವರು ಒಪ್ಪುವ ವಿವರಣೆ, ನಾನು ನೋಡುವ ಆಮೆಗಳಿಗೂ ಚೆನ್ನಾಗಿ ಹೊಂದುತ್ತದೆ.

ಎಣ್ಣೆಯ ಪರ ವಾದಿಸುವವರು ಇಲ್ಲೇ ಒಂದು ಮಾತು ಹೇಳುತ್ತಾರೆ: ‘ಒಣಗುವುದೇ ಸಮಸ್ಯೆಯಾದರೆ ಎಣ್ಣೆ ಆ ಒಣಗುವಿಕೆಯನ್ನು ತಡೆಯುತ್ತದಲ್ಲ?’ ಪ್ರಶ್ನೆ ನ್ಯಾಯವಾದದ್ದು. ಎಣ್ಣೆಯ ಪದರ ಮೇಲಿಂದ ನೀರು ಆರಿಹೋಗುವುದನ್ನು ಸ್ವಲ್ಪ ನಿಧಾನ ಮಾಡುತ್ತದೆ, ನಿಜ. ಆದರೆ ತಡೆಯುವುದು ಬೇರೆ, ಕೊಡುವುದು ಬೇರೆ. ಎಣ್ಣೆಯಲ್ಲಿ ನೀರಿಲ್ಲ. ಆಮೆಯ ಮೈಯೊಳಗೇ ನೀರು ಕಡಿಮೆಯಿದ್ದರೆ, ಸುತ್ತಲಿನ ಗಾಳಿ ಒಣಗಿದ್ದರೆ, ಎಣ್ಣೆ ಯಾವುದನ್ನು ಹಿಡಿದಿಡಬೇಕು? ಆ ಗಾಳಿಯನ್ನೇ ದಿನವಿಡೀ ಉಸಿರಾಡುವ ಶ್ವಾಸಕೋಶಕ್ಕೆ, ಕಣ್ಣಿಗೆ, ಮೂತ್ರಕೋಶಕ್ಕೆ ಎಣ್ಣೆಯಿಂದ ಏನೂ ಸಿಗುವುದಿಲ್ಲ. ತೇವದ ಗಾಳಿ, ಸ್ನಾನ ಎರಡೂ ಸರಿಯಿದ್ದರೆ ಎಣ್ಣೆ ಬೇಕಾಗುವುದೇ ಇಲ್ಲ. ಸರಿಯಿಲ್ಲದಿದ್ದರೆ ಎಣ್ಣೆಯಿಂದ ಸರಿಹೋಗುವುದಿಲ್ಲ. ಎಲ್ಲ ಸರಿಮಾಡಿದ ಮೇಲೂ ಕೆಲವರು ತಿಂಗಳಿಗೊಮ್ಮೆ ಒಂದು ತೊಟ್ಟು ಎಣ್ಣೆ ಹಚ್ಚಿ ಬಟ್ಟೆಯಲ್ಲಿ ಒರೆಸಿಬಿಡುತ್ತಾರೆ. ಅಂಥ ಆಮೆಗೆ ಅದರಿಂದ ದೊಡ್ಡ ಹಾನಿಯಾಗುತ್ತದೆ ಎಂದು ನಾನು ಹೇಳುವುದಿಲ್ಲ, ಆದರೆ ಆ ಆಮೆಯ ನಯವಾದ ಚಿಪ್ಪಿಗೆ ಕಾರಣ ಆ ತೊಟ್ಟು ಎಣ್ಣೆ ಅಂತೂ ಅಲ್ಲ.

ಈಗ ನಿಮ್ಮ ಮನೆಯ ವ್ಯವಸ್ಥೆ ನೋಡೋಣ. ಮರುಭೂಮಿಯ ಪ್ರಾಣಿ ಎಂಬ ಮಾತೇ ನಿಮ್ಮನ್ನು ದಾರಿ ತಪ್ಪಿಸಿದೆ. ಸಲ್ಕಾಟಾ ಸಹಾರಾದ ದಕ್ಷಿಣದ ಅಂಚಿನ ಸಹೇಲ್ ಪ್ರದೇಶದ್ದು. ಹೊರಗೆ ಬಿಸಿಲು ಸುಡುವುದು ನಿಜ. ಆದರೆ ಅದು ದಿನದ ಬಹುಪಾಲು ಹೊರಗಿರುವುದಿಲ್ಲ. ನೆಲದಲ್ಲಿ ಉದ್ದದ ಬಿಲ ತೋಡಿ ಒಳಗೆ ಕೂರುತ್ತದೆ. ಬಿಲದೊಳಗಿನ ಮಣ್ಣು ತಂಪು, ಗಾಳಿ ತೇವ. ಮರಿಗಳು ಹೊರಬಂದು ಬೆಳೆಯುವುದು ಮಳೆಯ ಕಾಲದಲ್ಲಿ, ಹಸಿರು ಹುಲ್ಲಿನ ನಡುವೆ. ಅಂದರೆ ಎಳೆಯ ಸಲ್ಕಾಟಾದ ಜಗತ್ತು ಸಾಕಷ್ಟು ಒದ್ದೆಯದು. ನಾವು ಮನೆಯಲ್ಲಿ ಅದಕ್ಕೆ ಕೊಡುವುದು ಬಿಲವಿಲ್ಲದ, ಮಳೆಗಾಲವಿಲ್ಲದ, ಮೇಲಿಂದ ಸದಾ ಬಲ್ಬು ಉರಿಯುವ ಒಂದು ಒಣ ಮೂಲೆ. ಇದು ಸಲ್ಕಾಟಾ ವಿಷಯ ಮಾತ್ರ ಅಲ್ಲ. ಒಣ ಪ್ರದೇಶದ ಬಹುಪಾಲು ಆಮೆಗಳ ಮರಿಗಳು ಹೀಗೆ ತೇವದ ಆಸರೆ ಹುಡುಕಿಕೊಂಡೇ ಬೆಳೆಯುತ್ತವೆ. ರೆಡ್ ಫುಟ್ ಥರದ ಕಾಡಿನ ಆಮೆಗಳಿಗಂತೂ ದೊಡ್ಡವಾದ ಮೇಲೂ ತೇವ ಬೇಕೇ ಬೇಕು.

ಜಾಲರಿ ಮುಚ್ಚಳದಿಂದ ಬಿಸಿಗಾಳಿಯ ಜೊತೆ ತೇವವೂ ಮೇಲಕ್ಕೆ ಹೋಗಿಬಿಡುತ್ತದೆ. ಪೇಪರ್ ಹಾಸು ನೀರು ಹಿಡಿದಿಟ್ಟುಕೊಳ್ಳುವುದಿಲ್ಲ. ಹಾಗಾಗಿ ಮೊದಲು ಒಂದು ತೇವಾಂಶ ಮಾಪಕ ತನ್ನಿ. ಸಣ್ಣ ಡಿಜಿಟಲ್ ಮಾಪಕ ಸಾಕು. ಆಮೆ ಮಲಗುವ ಎತ್ತರದಲ್ಲಿ ಇಟ್ಟು ಒಂದೆರಡು ದಿನ ನೋಡಿ. ನಿಮ್ಮ ತೊಟ್ಟಿಯಲ್ಲಿ ಅದು ತೀರಾ ಕೆಳಗೆ ತೋರಿಸಿದರೆ ನನಗೆ ಆಶ್ಚರ್ಯವಿಲ್ಲ. ಬೆಳೆಯುವ ವಯಸ್ಸಿನ ಸಲ್ಕಾಟಾಗೆ 70ರಿಂದ 80 ಶೇಕಡಾ ಬೇಕು. ಜಾಲರಿಯ ಮುಕ್ಕಾಲು ಭಾಗವನ್ನು ಬಲ್ಬಿಗೆ ತಾಗದಂತೆ ಮುಚ್ಚಿ. ಪೇಪರ್ ತೆಗೆದು ತೆಂಗಿನ ನಾರಿನ ಪುಡಿ ಅಥವಾ ಗೊಬ್ಬರ, ಔಷಧಿ ಬೆರೆಸದ ಮಣ್ಣನ್ನು ನಾಲ್ಕು ಬೆರಳಷ್ಟು ದಪ್ಪ ಹಾಸಿ. ಅಡಿಯ ಪದರಕ್ಕೆ ನೀರು ಹಾಕಿ, ಮೇಲ್ಪದರ ಕೆಸರಾಗದಿರಲಿ. ಒಂದು ಮೂಲೆಯಲ್ಲಿ ಮುಚ್ಚಿದ ಪೆಟ್ಟಿಗೆ ಇಟ್ಟು, ಒಳಗೆ ಇನ್ನೂ ಸ್ವಲ್ಪ ಜಾಸ್ತಿ ತೇವ ಇರುವಂತೆ ಮಾಡಿ. ಬಾಗಿಲಿನಷ್ಟು ತೂತು ಸಾಕು. ಆಮೆ ತಾನಾಗಿ ಅಲ್ಲಿಗೆ ಹೋಗಿ ಮಲಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಇದೆ, ದಯವಿಟ್ಟು ಗಮನವಿಟ್ಟು ಓದಿ. ತೇವ ಹೆಚ್ಚಿಸುವಾಗ ಬಿಸಿಯನ್ನೂ ಕಾಪಾಡಬೇಕು. ಒದ್ದೆ ಮತ್ತು ಬೆಚ್ಚಗೆ ಇದ್ದರೆ ಒಳ್ಳೆಯದು, ಒದ್ದೆ ಮತ್ತು ತಣ್ಣಗೆ ಇದ್ದರೆ ಅಪಾಯ. ಶ್ವಾಸಕೋಶದ ಸೋಂಕು ಬರುವುದು ಹೀಗೇ. ರಾತ್ರಿಯೂ ತೊಟ್ಟಿಯ ಒಳಗೆ 26 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿಯದಂತೆ ನೋಡಿಕೊಳ್ಳಿ. ಅದಕ್ಕೆ ಬೆಳಕು ಬೀರದ ಸೆರಾಮಿಕ್ ಹೀಟರನ್ನು ಥರ್ಮೋಸ್ಟ್ಯಾಟ್ ಜೊತೆ ಬಳಸಿ. ಮೂಗಿನಲ್ಲಿ ಗುಳ್ಳೆ, ಬಾಯಿ ತೆರೆದು ಉಸಿರಾಟ, ಉಸಿರಾಡುವಾಗ ಕಿರುಗುಟ್ಟುವ ಸದ್ದು ಕಂಡರೆ ತಡಮಾಡಬೇಡಿ.

ಬಿಸಿ ಬಲ್ಬಿನ ವಿಷಯದಲ್ಲಿ ಹೆಚ್ಚಿನವರು ಗಮನಿಸದ ಒಂದು ಸಂಗತಿ ಇದೆ. ಉಷ್ಣಾಂಶವನ್ನು ನೆಲದ ಮಟ್ಟದಲ್ಲಿ ಅಳೆಯುತ್ತಾರೆ. ಆದರೆ ಆಮೆಯ ಬೆನ್ನು ನೆಲಕ್ಕಿಂತ ಎಷ್ಟೋ ಮೇಲಿರುತ್ತದೆ, ಬಲ್ಬಿಗೆ ಅಷ್ಟು ಹತ್ತಿರ. ನೆಲದಲ್ಲಿ 35 ಡಿಗ್ರಿ ತೋರಿಸುವಾಗ ಬೆನ್ನಿನ ತುದಿಯ ಬಿಲ್ಲೆ ಅದಕ್ಕಿಂತ ಸಾಕಷ್ಟು ಜಾಸ್ತಿ ಕಾಯುತ್ತಿರಬಹುದು. ಸಣ್ಣ ಜಾಗಕ್ಕೆ ಬೆಳಕು ಗುರಿಯಿಡುವ ಸ್ಪಾಟ್ ಬಲ್ಬುಗಳಲ್ಲಿ ಇದು ಇನ್ನೂ ಹೆಚ್ಚು. ಹಾಗಾಗಿ ಚಿಪ್ಪಿನ ತುದಿಯ ಎತ್ತರದಲ್ಲಿ ಅಳೆಯಿರಿ. ಅಲ್ಲಿ 35ರಿಂದ 38 ಡಿಗ್ರಿ ಸಾಕು. ಜಾಸ್ತಿ ಇದ್ದರೆ ಬಲ್ಬನ್ನು ಮೇಲಕ್ಕೆ ಎತ್ತಿ, ಇಲ್ಲವೇ ಬೆಳಕು ಅಗಲವಾಗಿ ಬೀಳುವ ಫ್ಲಡ್ ಬಲ್ಬು ಹಾಕಿ.

ಬಿಸಿ ಬಲ್ಬಿನ ಜೊತೆ ಯುವಿಬಿ ಬೆಳಕು ಇದೆಯಾ ಎಂದು ನೀವು ಬರೆದಿಲ್ಲ. ಇಲ್ಲದಿದ್ದರೆ ಅದು ತುರ್ತು. ಯುವಿಬಿ ಇಲ್ಲದೆ ವಿಟಮಿನ್ ಡಿ3 ಇಲ್ಲ, ಅದಿಲ್ಲದೆ ತಿಂದ ಸುಣ್ಣದ ಅಂಶ ಮೂಳೆಗೆ ಸೇರುವುದಿಲ್ಲ. ಆಗ ಚಿಪ್ಪು ಉಬ್ಬುವುದರ ಜೊತೆ ಮೆತ್ತಗೂ ಆಗುತ್ತದೆ, ಕಾಲು ಬಾಗುತ್ತದೆ. ಕಿಟಕಿಯ ಗಾಜಿನ ಮೂಲಕ ಬರುವ ಬಿಸಿಲಿನಿಂದ ಈ ಕೆಲಸ ಆಗುವುದಿಲ್ಲ, ಗಾಜು ಯುವಿಬಿಯನ್ನು ತಡೆದುಬಿಡುತ್ತದೆ. ಸರೀಸೃಪಗಳಿಗೆಂದೇ ಬರುವ ಯುವಿಬಿ ಟ್ಯೂಬ್ ಹಾಕಿ. ಉರಿಯುತ್ತಿದ್ದರೂ ಅದರ ಯುವಿಬಿ ಕಾಲಕ್ರಮೇಣ ಕಡಿಮೆಯಾಗುತ್ತದೆ, ತಯಾರಕರು ಹೇಳಿದ ಅವಧಿಗೆ, ಸಾಮಾನ್ಯವಾಗಿ 6ರಿಂದ 12 ತಿಂಗಳಿಗೆ, ಬದಲಿಸಬೇಕು. ನೇರ ಬಿಸಿಲಿನಲ್ಲಿ ಸುರಕ್ಷಿತವಾಗಿ ಓಡಾಡಲು ಬಿಡುವ ಅವಕಾಶವಿದ್ದರೆ ಅದು ಎಲ್ಲಕ್ಕಿಂತ ಒಳ್ಳೆಯದು. ನೆರಳೂ ಇರಲಿ. ಗಾಜಿನ ತೊಟ್ಟಿಯನ್ನೇ ಬಿಸಿಲಿಗೆ ಮಾತ್ರ ಇಡಬೇಡಿ, ಒಳಗೆ ಕೆಲವೇ ನಿಮಿಷದಲ್ಲಿ ಜೀವಕ್ಕೆ ಅಪಾಯವಾಗುವಷ್ಟು ಕಾಯುತ್ತದೆ.

ಇನ್ನು ಸ್ನಾನ. ತಿಂಗಳಿಗೊಮ್ಮೆ ಏನೇನೂ ಸಾಲದು. ಈ ವಯಸ್ಸಿನ ಆಮೆಯನ್ನು ವಾರಕ್ಕೆ ಕನಿಷ್ಠ ಮೂರು ನಾಲ್ಕು ಸಲ ನೆನೆಸಿ, ತೊಟ್ಟಿಯ ಗಾಳಿ ಸರಿಯಾಗುವ ತನಕ ದಿನವೂ ಮಾಡಿದರೆ ಒಳ್ಳೆಯದು. ಅಗಲವಾದ ಟಬ್ಬಿನಲ್ಲಿ ಉಗುರುಬೆಚ್ಚಗಿನ ನೀರು ಹಾಕಿ, 30 ಡಿಗ್ರಿಯ ಆಸುಪಾಸು. ಮೇಲ್ಚಿಪ್ಪು ಮತ್ತು ಹೊಟ್ಟೆಯ ಚಿಪ್ಪು ಸೇರುವ ಗೆರೆಯ ತನಕ ನೀರಿರಲಿ, ತಲೆ ಎತ್ತದೆಯೂ ಮೂಗು ನೀರಿನ ಮೇಲೇ ಇರಬೇಕು. 20 ನಿಮಿಷ ಸಾಕು, ನೀರು ತಣ್ಣಗಾದರೆ ಬದಲಿಸಿ. ಪಕ್ಕದಲ್ಲೇ ಇರಿ. ಆಮೆ ತಲೆ ಬಗ್ಗಿಸಿ ನಿಧಾನವಾಗಿ ನೀರು ಕುಡಿಯುತ್ತದೆ, ನೀರಿನಲ್ಲೇ ಮೂತ್ರ, ಮಲ ಮಾಡುತ್ತದೆ. ಗಲೀಜು ಎಂದುಕೊಳ್ಳಬೇಡಿ, ಅದು ಒಳ್ಳೆಯ ಲಕ್ಷಣ. ಮೂತ್ರದ ಜೊತೆ ಬರುವ ಬಿಳಿ ವಸ್ತುವನ್ನು ಗಮನಿಸಿ. ಅದು ಯೂರೇಟ್. ಮೊಸರಿನಷ್ಟು ಮೆತ್ತಗಿದ್ದರೆ ಮೈಯಲ್ಲಿ ನೀರು ಸಾಕಷ್ಟಿದೆ. ಮರಳಿನ ಹಾಗೆ, ಸೀಮೆಸುಣ್ಣದ ಹಾಗೆ ಗಟ್ಟಿಯಾಗಿದ್ದರೆ ನೀರು ಸಾಲುತ್ತಿಲ್ಲ. ಹೀಗೇ ಮುಂದುವರಿದರೆ ಮೂತ್ರಕೋಶದಲ್ಲಿ ಕಲ್ಲಾಗುತ್ತದೆ, ಕೆಲವೊಮ್ಮೆ ಆಪರೇಷನ್ ಮಾಡಿ ತೆಗೆಯಬೇಕಾಗುತ್ತದೆ. ಆಮೆಗೆ ನೀರು ಸಾಕಾಗುತ್ತಿದೆಯೇ ಎಂದು ತಿಳಿಯಲು ಚಿಪ್ಪಿನ ಬಣ್ಣಕ್ಕಿಂತ ಈ ಬಿಳಿ ವಸ್ತು ಎಷ್ಟೋ ನಂಬಿಕೆಗೆ ಅರ್ಹ.

ಸ್ನಾನದ ಹೊತ್ತಲ್ಲೇ ಚಿಪ್ಪನ್ನೂ ತೊಳೆಯಬಹುದು. ಮೆತ್ತನೆಯ ಹಲ್ಲುಜ್ಜುವ ಬ್ರಷ್, ಬರೀ ನೀರು. ಸಂದಿಗಳಲ್ಲಿ ಹಗುರವಾಗಿ ಉಜ್ಜಿ. ನಿಮ್ಮ ಮಗಳಿಗೆ ಆಮೆಯ ಆರೈಕೆಯಲ್ಲಿ ಏನಾದರೂ ಮಾಡುವ ಆಸೆ ಇದ್ದೇ ಇದೆ, ಈ ಕೆಲಸ ಅವಳಿಗೆ ಕೊಡಿ. ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಬೇಕು, ಯಾಕೆಂದರೆ ಆರೋಗ್ಯವಾಗಿರುವ ಆಮೆಯ ಮೈಯಲ್ಲೂ ಮನುಷ್ಯರ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಆ ಟಬ್ಬನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯುವುದೂ ಬೇಡ.

ಈಗಾಗಲೇ ಅಂಟಿರುವ ಬೇಬಿ ಆಯಿಲ್ ತೆಗೆಯಲು ಮೊದಲು ಒಣ ಬಟ್ಟೆಯಿಂದ ಚೆನ್ನಾಗಿ ಒರೆಸಿ. ಆಮೇಲೂ ಜಿಡ್ಡಿದ್ದರೆ ಪರಿಮಳವಿಲ್ಲದ ಮೃದು ಸೋಪಿನ ಒಂದೆರಡು ಹನಿಯನ್ನು ತುಂಬಾ ನೀರಿನಲ್ಲಿ ಕರಗಿಸಿ, ಚಿಪ್ಪಿಗೆ ಮಾತ್ರ, ಒಂದೇ ಒಂದು ಸಲ ಬಳಸಿ. ಕಣ್ಣು, ಬಾಯಿಗೆ ತಾಗದಂತೆ ಬೇರೆ ನೀರಿನಲ್ಲಿ ತೊಳೆದು ಒರೆಸಿ. ಸೋಪು ಕಲಸಿದ ನೀರಿನಲ್ಲಿ ಆಮೆಯನ್ನು ಕೂರಿಸಬೇಡಿ, ಅದು ಕುಡಿದುಬಿಡುತ್ತದೆ.

ಆಹಾರದ ಬಗ್ಗೆ ನೀವು ಕೇಳಿಲ್ಲವಾದ್ದರಿಂದ ಚುಟುಕಾಗಿ ಹೇಳುತ್ತೇನೆ. ಸಲ್ಕಾಟಾ ಹುಲ್ಲು ತಿನ್ನುವ ಆಮೆ. ತಟ್ಟೆಯ ಬಹುಭಾಗ ಹುಲ್ಲು, ನಾರಿನ ಸೊಪ್ಪು ಇರಲಿ. ಹಣ್ಣು ಬೇಡ. ಸುಣ್ಣದ ಅಂಶ ರಂಜಕಕ್ಕಿಂತ ಕನಿಷ್ಠ ಎರಡು ಪಟ್ಟು ಇರಬೇಕು, ಅದಕ್ಕೆ ವಾರಕ್ಕೆ ಎರಡು ಮೂರು ಸಲ ಕ್ಯಾಲ್ಸಿಯಂ ಪುಡಿ ಉದುರಿಸಿ.

ಇಷ್ಟೆಲ್ಲ ಮಾಡಿದರೆ ಉಬ್ಬಿರುವ ಬಿಲ್ಲೆ ಮತ್ತೆ ಚಪ್ಪಟೆಯಾಗುತ್ತದೆಯೇ? ಇಲ್ಲ. ಇದನ್ನು ಮುಚ್ಚಿಡದೆ ಹೇಳಬೇಕು. ಉಬ್ಬಿದ್ದು ಹಾಗೇ ಉಳಿಯುತ್ತದೆ. ಉಜ್ಜಿ, ಅರ ಹಾಕಿ ಸರಿಮಾಡುತ್ತೇವೆ ಎನ್ನುವವರ ಮಾತು ಕೇಳಬೇಡಿ, ಕೆಳಗಿರುವುದು ಜೀವಂತ ಪದರ. ಆದರೆ ಇನ್ನು ಮುಂದೆ ಬರುವ ಬೆಳವಣಿಗೆ ನಯವಾಗಿ ಬರಬಹುದು. ನಿಮ್ಮ ಆಮೆಗೆ ಎರಡೇ ವರ್ಷ, ಅದು ಇನ್ನೂ ಎಷ್ಟೋ ಪಟ್ಟು ದೊಡ್ಡದಾಗಬೇಕು. ದೊಡ್ಡ ಸಲ್ಕಾಟಾ 40 ಕಿಲೋಗೂ ಹೆಚ್ಚು ತೂಗುತ್ತದೆ. ಅಷ್ಟು ದೊಡ್ಡ ಚಿಪ್ಪಿನಲ್ಲಿ ಈಗಿನ ಉಬ್ಬುಗಳು ನಡುವಿನ ಸಣ್ಣ ಗುರುತುಗಳಾಗಿ ಉಳಿಯುತ್ತವೆ. ಸೌಮ್ಯವಾದ ಉಬ್ಬುವಿಕೆ ಇರುವ ಆಮೆಗಳು ಆರೋಗ್ಯವಾಗಿ ಬಹಳ ವರ್ಷ ಬದುಕುತ್ತವೆ.

ಬದಲಾವಣೆ ಗೊತ್ತಾಗಬೇಕೆಂದರೆ ತಿಂಗಳಿಗೊಮ್ಮೆ ಮೇಲಿಂದ ಒಂದು, ಪಕ್ಕದಿಂದ ಒಂದು ಫೋಟೋ ತೆಗೆಯಿರಿ, ಒಂದೇ ಜಾಗ, ಒಂದೇ ಬೆಳಕಿನಲ್ಲಿ. ನೋಡಬೇಕಾದ್ದು ಬಿಲ್ಲೆಯ ಅಂಚಿನ ಹೊಸ ತಿಳಿಬಣ್ಣದ ಪಟ್ಟಿ. ಅದು ಸಮತಟ್ಟಾಗಿ ಬರುತ್ತಿದ್ದರೆ ನೀವು ಸರಿದಾರಿಯಲ್ಲಿದ್ದೀರಿ. ಸಂದಿಯ ಕಡೆಗೆ ಕಡಿದಾಗಿ ಇಳಿಯುತ್ತಿದ್ದರೆ ತೇವ ಇನ್ನೂ ಸಾಲದು. ಕೆಲವು ತಿಂಗಳು ತಾಳ್ಮೆ ಬೇಕು. ವಾರಕ್ಕೊಮ್ಮೆ ತೂಕವನ್ನೂ ಬರೆದಿಡಿ.

ಲೇಪನ ಯಾವಾಗಲೂ ತಪ್ಪು ಎಂದೇನಿಲ್ಲ. ಗಾಯವಾದಾಗ, ಚಿಪ್ಪು ಕೊಳೆಯುವ ರೋಗ ಬಂದಾಗ ನಾವೇ ಔಷಧಿಯ ಮುಲಾಮು ಕೊಡುತ್ತೇವೆ, ಸಿಲ್ವರ್ ಸಲ್ಫಾಡಯಾಜಿನ್ ಥರದ್ದು. ಆದರೆ ಅದು ಶುಚಿ ಮಾಡಿ, ಕೊಳೆತದ್ದನ್ನು ತೆಗೆದು, ಎಷ್ಟು ದಿನ ಎಂದು ನಿರ್ಧರಿಸಿ ಮಾಡುವ ಚಿಕಿತ್ಸೆ. ಮನೆಯಲ್ಲಿರುವ ಯಾವುದೋ ಚರ್ಮದ ಕ್ರೀಮ್ ಅದಕ್ಕೆ ಬದಲಿಯಲ್ಲ. ಸ್ಟೀರಾಯ್ಡ್ ಇರುವ ಕ್ರೀಮ್ ಸೋಂಕನ್ನು ಇನ್ನೂ ಹೆಚ್ಚು ಮಾಡುತ್ತದೆ.

ಕೊನೆಗೆ, ಈ ವಾರವೇ ಒಂದು ಕೆಲಸ ಮಾಡಿ. ಹೊಟ್ಟೆಯ ಚಿಪ್ಪನ್ನೂ ಬೆನ್ನಿನ ಅಂಚನ್ನೂ ಹೆಬ್ಬೆರಳಿನಿಂದ ಹಗುರವಾಗಿ ಒತ್ತಿ ನೋಡಿ. ತೀರಾ ಎಳೆಯ ಮರಿಯ ಚಿಪ್ಪು ಸ್ವಲ್ಪ ಬಾಗುತ್ತದೆ, ಎರಡು ವರ್ಷದ್ದು ಗಟ್ಟಿಯಾಗಿರಬೇಕು. ಬಾಗಿದರೆ ಮನೆಯ ಬದಲಾವಣೆಗಳಿಗೆ ಕಾಯದೆ ಸರೀಸೃಪಗಳನ್ನು ನೋಡುವ ಪಶುವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಬಿಲ್ಲೆಯ ಕೆಳಗೆ ಕೆಂಪು ಹರಡಿದ್ದರೆ, ಗುಳಿ ಬಿದ್ದು ರಸ ಬರುತ್ತಿದ್ದರೆ, ಆಮೆ ತಿನ್ನುವುದು ಬಿಟ್ಟರೆ ಕೂಡ ಹಾಗೇ ಮಾಡಿ. ಅವರು ಎಕ್ಸ್‌ರೇ ತೆಗೆದು ಮೂಳೆಯ ಸಾಂದ್ರತೆ ನೋಡುತ್ತಾರೆ, ಮೂತ್ರಕೋಶದಲ್ಲಿ ಕಲ್ಲಿದ್ದರೆ ಅದೂ ಸಾಮಾನ್ಯವಾಗಿ ಕಾಣುತ್ತದೆ. ಹೋಗುವಾಗ ತೊಟ್ಟಿಯ ಒಂದು ಫೋಟೋ, ಬಲ್ಬಿನ ಹೆಸರು, ತೇವಾಂಶ ಮಾಪಕದ ಅಂಕಿಗಳು ಜೊತೆಗಿರಲಿ. ಆಮೆಯನ್ನು ತೋರಿಸುವ ಹಿಂದಿನ ದಿನ ಚಿಪ್ಪಿಗೆ ಏನನ್ನೂ ಹಚ್ಚಬೇಡಿ.